ಬಿಡಿಸುವುದಕ್ಕೂ ಒಂದು ಕ್ರಮವುಂಟು

(ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಭಕ್ತರು ಕೂಡಿದ್ದ ಸಭೆಯಲ್ಲಿ ನೀಡಿದ ಆಶೀರ್ವಚನ)



ಮಡಿಕೇರಿಯಿಂದ ಸಂಪಾಜೆ ಘಾಟಿಯನ್ನಿಳಿದು ನಾವು ನಿಮ್ಮ ಸೀಮೆಗೆ ಬಂದಿದ್ದೇವೆ. ಈ ದಾರಿ ಹೊಸದಲ್ಲ. ಹಾಲೇರಿ ಅರಸರ ಕಾಲದಲ್ಲಿ ಅಮರಸುಳ್ಯ, ಪುತ್ತೂರು ಸೀಮೆಗಳು ಕೊಡಗಿನೊಡನೆ ಕೂಡಿದ್ದವು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದ ಮೇಲೆ ಅವು ಕೆನರಾ ಜಿಲ್ಲೆಗೆ ಸೇರಿದವು. ಗಡಿ ಬದಲಾದರೂ ಮಠಕ್ಕೂ ಇಲ್ಲಿಯ ಭಕ್ತರಿಗೂ ಇರುವ ಬಳಕೆ ತಪ್ಪಿಲ್ಲ.

ಮದ್ಯಪಾನದ ಬಗ್ಗೆ ಅಪ್ಪಣೆ ಕೊಡಿಸಬೇಕೆಂದು ನೀವು ಕೇಳಿದ್ದೀರಿ. ಕುಡಿತ ಕೆಟ್ಟದ್ದು ಎಂದು ಹೇಳುವುದಕ್ಕೆ ಸ್ವಾಮಿಗಳೇ ಬರಬೇಕಾಗಿಲ್ಲ. ಅದು ಕುಡಿಯುವವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದುದರಿಂದ ಈ ದಿನ ನಾವು ಬೇರೆ ಮಾತನ್ನು ಹೇಳಬೇಕೆಂದಿದ್ದೇವೆ. ಕುಡಿತ ಬಿಡಿಸುವುದರಲ್ಲಿ ನಮ್ಮಿಂದಲೇ ಆದ ಒಂದು ತಪ್ಪಿನ ಮಾತು ಅದು.

ಕೆಲವು ವರ್ಷಗಳ ಹಿಂದೆ ಕಡಬದ ಕಡೆಯ ಒಬ್ಬ ಭಕ್ತನನ್ನು ಅವನ ಮಡದಿ ನಮ್ಮ ಮುಂದೆ ಕರೆತಂದಳು. ಅಡಿಕೆ ಮರ ಹತ್ತಿ ಕೊನೆ ತೆಗೆಯುವುದು ಅವನ ಕಾಯಕ. ಒಳ್ಳೆಯ ಕೆಲಸಗಾರ. ಆದರೆ ಬೆಳಗ್ಗೆ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಮರ ಹತ್ತುವುದು ಹೇಗೆ? ನಡುಕ ನಿಲ್ಲಲೆಂದು ಬೆಳಗ್ಗೆಯೇ ಕುಡಿಯುತ್ತಿದ್ದ. ಕುಡಿಯದಿದ್ದರೆ ನಡುಗುತ್ತಾನೆ, ಕುಡಿದರೆ ಬೀಳುತ್ತಾನೆ; ಅಂಥ ಸ್ಥಿತಿ ಅವನದು. ನಾವು ಅವನಿಗೆ ಬುದ್ಧಿ ಹೇಳಿದೆವು. ಅವನ ಕಣ್ಣಿನಲ್ಲಿ ನೀರು ಬಂತು. ಅವನ ಕೈಯನ್ನು ಹಿಡಿದು, “ಇಂದಿನಿಂದ ಎಲ್ಲವನ್ನೂ ಬಿಟ್ಟೆನೆಂದು ಹೇಳಪ್ಪಾ” ಎಂದೆವು. ಅವನು ಹೇಳಿದನು. ವಿಭೂತಿ ಹಚ್ಚಿ ಕಳಿಸಿದೆವು. ಒಂದು ಸಂಸಾರ ಉಳಿಯಿತೆಂದು ನಮಗೆ ಸಂತೋಷವಾಯಿತು.

ಮಾತು ಕೊಟ್ಟವನು ಮಾತಿಗೆ ತಪ್ಪಲಿಲ್ಲ, ಬಂಧುಗಳೇ. ಒಂದು ಹನಿಯನ್ನೂ ಮುಟ್ಟಲಿಲ್ಲ. ಎರಡನೆಯ ರಾತ್ರಿ ಮೈಯೆಲ್ಲ ಸೆಟೆದು ಫಿಟ್ಸ್ ಬಂತು. ಮೂರನೆಯ ದಿನ ಗೋಡೆಯ ಮೇಲೆ ಹಾವು ಹರಿಯುತ್ತಿದೆ ಎಂದು ಕೂಗುತ್ತ ತೋಟದೊಳಗೆ ಓಡಿದ. ನೆರೆಯವರಲ್ಲಿ ಕೆಲವರು ದೈವದ ಉಪದ್ರವವೆಂದರು. ಕೆಲವರು, “ಹೆಂಡದ ರೋಗ, ಒಂದು ಗುಟುಕು ಕೊಟ್ಟುಬಿಡಿ” ಎಂದರು. ಊರಿನ ಆಶಾ ಕಾರ್ಯಕರ್ತೆ ಮಾತ್ರ ಯಾರ ಮಾತನ್ನೂ ಕೇಳದೆ 108ಕ್ಕೆ ಫೋನು ಮಾಡಿಸಿದಳು. ಅವಳಿಂದ ಅವನ ಜೀವ ಉಳಿಯಿತು.

ಸುದ್ದಿ ತಿಳಿದು ನಾವು ಆಸ್ಪತ್ರೆಗೆ ಹೋದೆವು. ಅವನ ಮಡದಿ ನಮಸ್ಕರಿಸಿ ಒಂದೇ ಮಾತು ಹೇಳಿದಳು: “ಬುದ್ಧೀ, ತಾವು ಎಲ್ಲವನ್ನೂ ಬಿಡು ಎಂದಿರಿ. ಅವರು ಮಾತ್ರೆಯನ್ನೂ ಬಿಟ್ಟರು.”

ಯಾವ ಮಾತ್ರೆ? ಆಗ ನಮಗೆ ತಿಳಿಯಿತು. ಆ ಭಕ್ತನಿಗೆ ಇಪ್ಪತ್ತೆರಡನೆಯ ವಯಸ್ಸಿನಿಂದ ಕಿವಿಯಲ್ಲಿ ಇಲ್ಲದ ದನಿ ಕೇಳಿಸುವ ಮನೋರೋಗವಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದ. ನಡುವೆ ಬಿಡುತ್ತಿದ್ದ, ಕುಡಿಯುತ್ತಿದ್ದ. ನಾವು ಅದನ್ನು ಕೇಳಲಿಲ್ಲ. ಕುಡುಕನೆಂದು ಕಂಡೆವೇ ಹೊರತು ರೋಗಿಯೆಂದು ಕಾಣಲಿಲ್ಲ. ನಮ್ಮ ಮಾತಿಗೆ ಅವನು ಕೊಟ್ಟ ಗೌರವವೇ ಅವನ ಪ್ರಾಣಕ್ಕೆ ಎರವಾಗುತ್ತಿತ್ತು. ಇದನ್ನು ನೆನೆದಾಗಲೆಲ್ಲ ನಮಗೆ ಈಗಲೂ ನಾಚಿಕೆಯಾಗುತ್ತದೆ.

ಆ ದಿನ ನಾವು ವೈದ್ಯರ ಎದುರು ಶಿಷ್ಯರಂತೆ ಕುಳಿತು ಕೇಳಿದೆವು. ಕೇಳಿದ್ದನ್ನು ನಿಮಗೂ ತಿಳಿಸುತ್ತೇವೆ.

ಮದ್ಯವು ಮಿದುಳಿಗೆ ಬ್ರೇಕಿನಂತೆ. ದಿನವೂ ಬ್ರೇಕು ಒತ್ತಿಯೇ ಇದ್ದರೆ ಗಾಡಿ ಓಡುವುದು ಹೇಗೆ? ಅದಕ್ಕಾಗಿ ಮಿದುಳು ತನ್ನ ವೇಗವನ್ನು ಹೆಚ್ಚಿಸಿಕೊಂಡು ಹೊಂದಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ಒಂದು ದಿನ ಬ್ರೇಕಿನಿಂದ ಥಟ್ಟನೆ ಕಾಲು ತೆಗೆದರೆ ಏನಾಗುತ್ತದೆ? ಸಂಪಾಜೆ ಘಾಟಿಯಲ್ಲಿ ಗಾಡಿ ಏನಾಗುತ್ತದೆಯೋ ಅದೇ ಆಗುತ್ತದೆ. ಕೊನೆಯ ಕುಡಿತದಿಂದ ಆರೇಳು ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ನಿದ್ರೆಗೇಡು ಶುರುವಾಗಬಹುದು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ದಿಕ್ಕು, ಹೊತ್ತು ತಿಳಿಯುವುದಿಲ್ಲ. ಇಲ್ಲದ ಹುಳು ಹುಪ್ಪಟೆ ಕಾಣುತ್ತವೆ. ಜ್ವರ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇಂಗ್ಲೆಂಡಿನ ಥಾಮಸ್ ಸಟನ್ ಎಂಬ ವೈದ್ಯನು 1813ರಲ್ಲಿ ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎಂದು ಹೆಸರಿಟ್ಟನು. ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಿ ಈ ಸನ್ನಿ ಹಿಡಿದ ಮೂವರಲ್ಲಿ ಒಬ್ಬರವರೆಗೂ ಸಾಯುತ್ತಿದ್ದರು. ಈಗ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಹೆಚ್ಚು ಕಡಿಮೆ ಎಲ್ಲರೂ ಉಳಿಯುತ್ತಾರೆ. ಮೂರು ದಿನ ತಡೆದುಕೊಂಡರೆ ಸರಿಹೋಗುತ್ತದೆ ಎನ್ನುತ್ತಾರಲ್ಲ, ಆ ಮೂರು ದಿನವೇ ಅಪಾಯದ ದಿನ.

ನಂಜು ಇಳಿಸುವ ಚಿಕಿತ್ಸೆ ಎಂದರೆ ಇದನ್ನು ಕ್ರಮವಾಗಿ ಇಳಿಸುವುದು. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಮೊದಲಾದ ಔಷಧಿಗಳು ಮದ್ಯ ಒತ್ತುತ್ತಿದ್ದ ಬ್ರೇಕನ್ನೇ ಮೆಲ್ಲನೆ ಒತ್ತುತ್ತವೆ. ಮೊದಲ ದಿನ ಹೆಚ್ಚು, ಮರುದಿನ ಕಡಿಮೆ, ಹೀಗೆ ಸುಮಾರು ಒಂದು ವಾರದಲ್ಲಿ ಪೂರ್ತಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟವನಿಗೆ ಲೊರಾಜೆಪಾಮ್ ಎಂಬ ಬೇರೆ ಔಷಧಿ. ಇವು ಅಂಗಡಿಯಿಂದ ತಂದು ಮನೆಯಲ್ಲಿ ಕೊಡುವ ಮಾತ್ರೆಗಳಲ್ಲ. ಮದ್ಯದ ಜೊತೆ ಬೆರೆತರೆ ಉಸಿರನ್ನೇ ನಿಲ್ಲಿಸಬಲ್ಲವು. ತಿಂಗಳುಗಟ್ಟಲೆ ನುಂಗಿದರೆ ಅವೇ ಇನ್ನೊಂದು ಚಟವಾಗುತ್ತವೆ.

ಮತ್ತೊಂದು ಔಷಧಿ ಬಹಳ ಸಾದಾ ಪದಾರ್ಥ, ಥಯಾಮಿನ್, ಅಂದರೆ ಬಿ 1 ಜೀವಸತ್ವ. ನಿಮ್ಮ ಸೀಮೆಯ ಕುಚ್ಚಲಕ್ಕಿಯಲ್ಲಿ ಅದು ಬೆಳ್ತಿಗೆ ಅಕ್ಕಿಗಿಂತ ಹೆಚ್ಚಾಗಿ ಉಳಿದಿರುತ್ತದೆ. ಆದರೆ ಕುಡಿಯುವವನು ಗಂಜಿ ಉಣ್ಣುವುದಿಲ್ಲವಲ್ಲ! ಉಂಡದ್ದೂ ಅವನ ಮೈಗೆ ಹತ್ತುವುದಿಲ್ಲ. ಆ ಸತ್ವ ತೀರಿದ ಮೈಗೆ ಬರಿಯ ಗ್ಲೂಕೋಸು ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪಿನ ಶಕ್ತಿಯೇ ಅಳಿಸಿಹೋಗಬಹುದು. ಆದುದರಿಂದ ತಿಳಿದ ವೈದ್ಯರು ಥಯಾಮಿನ್ ಸೂಜಿಯನ್ನು ಮುಂಚಿತವಾಗಿಯೇ ಕೊಡುತ್ತಾರೆ. “ಸುಸ್ತಾಗಿದೆ, ಒಂದು ಬಾಟಲಿ ಗ್ಲೂಕೋಸು ಹಾಕಿಸಿ” ಎಂದು ಒತ್ತಾಯಿಸುವ ಮನೆಯವರು, ಇವನು ಕುಡಿಯುವವನೆಂಬ ಸಂಗತಿಯನ್ನು ಮುಚ್ಚಿಡಬಾರದು. ಮಾನ ಹೋಗುತ್ತದೆಂದು ವೈದ್ಯರಲ್ಲಿ ಮುಚ್ಚಿಟ್ಟರೆ ಪ್ರಾಣ ಹೋಗುತ್ತದೆ.

ಇಷ್ಟು ಕುಡಿತದ ಮಾತಾಯಿತು. ಇದರ ಜೊತೆಗೆ ಮನೋರೋಗವೂ ಇದ್ದರೆ?

ಆಗ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗಾಗುತ್ತದೆ. ನಮ್ಮ ಭಕ್ತನನ್ನು ನಾವು ಕೇಳಿದೆವು, “ಏಕಪ್ಪಾ ಕುಡಿಯುತ್ತಿದ್ದೆ?” ಅವನು ಹೇಳಿದ, “ಕುಡಿದರೆ ಆ ದನಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು, ಬುದ್ಧೀ.” ನೋಡಿ, ನಾವು ಅದನ್ನು ಚಟವೆಂದೆವು, ಅವನಿಗೆ ಅದು ಮದ್ದಾಗಿತ್ತು. ಆದರೆ ಆ ಮದ್ದು ಸಾಲ ಕೊಟ್ಟವನ ಬಡ್ಡಿಯಂತೆ. ಇಳಿದ ಮೇಲೆ ದನಿ ಇಮ್ಮಡಿಯಾಗುತ್ತದೆ. ಅದನ್ನಡಗಿಸಲು ಮತ್ತೆ ಕುಡಿತ. ಇತ್ತ ಮನೆಯವರು, “ಕುಡಿದ ದಿನ ಮಾತ್ರೆ ಬೇಡ, ವಿಷವಾಗುತ್ತದೆ” ಎಂದು ಮಾತ್ರೆಯ ಡಬ್ಬಿಯನ್ನೇ ಎತ್ತಿಡುತ್ತಾರೆ. ದಿನವೂ ಕುಡಿಯುವವನಿಗೆ ಮಾತ್ರೆ ದಿನವೂ ತಪ್ಪಿತು. ರೋಗ ಬಲಿಯಿತು. ಏನು ಮಾಡಬೇಕೆಂದು ವೈದ್ಯರನ್ನು ಕೇಳಿದ್ದರೆ ಅವರು ದಾರಿ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ಇದಕ್ಕಿಂತ ದುಃಖದ ಸಂಗತಿ ಇನ್ನೊಂದಿದೆ. ಆ ತಾಯಿ ಅವನನ್ನು ಮೊದಲೇ ಎರಡು ಕಡೆಗೆ ಕರೆದೊಯ್ದಿದ್ದಳು. ಕುಡಿತ ಬಿಡಿಸುವವರು, “ಇವನಿಗೆ ಮನೋರೋಗವಿದೆ, ಅದನ್ನು ವಾಸಿ ಮಾಡಿಸಿಕೊಂಡು ಬಾ” ಎಂದರು. ಮನೋರೋಗ ನೋಡುವವರು, “ಮೊದಲು ಕುಡಿತ ಬಿಡಿಸಿಕೊಂಡು ಬಾ” ಎಂದರು. ಎರಡು ಬಾಗಿಲ ನಡುವೆ ಅವಳು ಅಂಗಳದಲ್ಲಿ ನಿಂತಳು. ಕಡೆಗೆ ಮಠದ ಬಾಗಿಲಿಗೆ ಬಂದಳು. ಇಲ್ಲಿ ನಾವು ಮಾಡಿದ್ದನ್ನು ನಿಮಗೆ ಆಗಲೇ ಹೇಳಿದೆವು.

ಹಾಗಾದರೆ ಯಾವುದು ಮೊದಲು? ಎರಡೂ ಒಟ್ಟಿಗೆ, ಒಬ್ಬರೇ ವೈದ್ಯರ ಕಣ್ಣಿನ ಕೆಳಗೆ. ಅಥವಾ ಪರಸ್ಪರ ಮಾತನಾಡುವ ಇಬ್ಬರ ಕೈಯಲ್ಲಿ. ಇದಕ್ಕೆ ಕಾರಣವುಂಟು. ದನಿ ಅಡಗಿಸುವ ಮಾತ್ರೆಗಳಲ್ಲಿ ಕೆಲವು, ಕುಡಿತ ಬಿಡುವ ದಿನಗಳಲ್ಲಿ ಫಿಟ್ಸ್ ಬರುವ ಸಂಭವವನ್ನು ಹೆಚ್ಚಿಸುತ್ತವೆ. ಯಾವುದನ್ನು ಎಷ್ಟು ಕೊಡಬೇಕೆಂದು ಅಳೆಯಬೇಕು. ಮನಸ್ಸಿನ ಏರಿಳಿತದ ರೋಗಕ್ಕೆ ಲಿಥಿಯಂ ನುಂಗುವವನಿಗೆ ವಾಂತಿಯಾಗಿ, ಬೆವತು ಮೈಯ ನೀರು ಆರಿದರೆ ಅದೇ ಲಿಥಿಯಂ ರಕ್ತದಲ್ಲಿ ಏರಿ ನಂಜಾಗುತ್ತದೆ. ಇವು ಗೊತ್ತಿಲ್ಲದೆ ಒಂದು ರೋಗವನ್ನು ಮಾತ್ರ ನೋಡುವವನು ಇನ್ನೊಂದನ್ನು ಕೆರಳಿಸುತ್ತಾನೆ.

ಹಾಗೆಂದು ಕುಡಿಯುವವರಿಗೆಲ್ಲ ಮನೋರೋಗವಿದೆ ಎಂದಲ್ಲ. ಕುಡಿತವೇ ಖಿನ್ನತೆಯನ್ನು ತರುತ್ತದೆ, ಸಂಶಯವನ್ನು ತರುತ್ತದೆ. ಬಿಟ್ಟ ಎರಡರಿಂದ ನಾಲ್ಕು ವಾರಗಳಲ್ಲಿ ಎಷ್ಟೋ ಜನರ ಮಂಕು ತಾನಾಗಿ ಹರಿಯುತ್ತದೆ. ಹರಿಯದೆ ಉಳಿದರೆ ಅದು ಬೇರೆಯ ರೋಗವೆಂದು ವೈದ್ಯರು ತಿಳಿಯುತ್ತಾರೆ. ಆದುದರಿಂದ ನಂಜು ಇಳಿದ ಎಂಟನೆಯ ದಿನವೇ ವಾಸಿಯಾಯಿತೆಂದು ಮನೆಗೆ ಕರೆತಂದು ಕೈಬಿಡಬಾರದು. ನಂಜು ಇಳಿಸುವುದು ಬಾಗಿಲು ದಾಟಿದಷ್ಟೆ. ಮನೆಯೊಳಗಿನ ಬಾಳು ಇನ್ನೂ ಮುಂದಿದೆ. ಹಿಂದೆಯೇ ತಿಳಿದಿದ್ದ ಮನೋರೋಗವಿದ್ದರೆ ಮಾತ್ರ ಈ ನಾಲ್ಕು ವಾರ ಕಾಯುವ ಮಾತಿಲ್ಲ. ಅದರ ಔಷಧಿಯನ್ನು ವೈದ್ಯರ ಅಪ್ಪಣೆಯಿಲ್ಲದೆ ಒಂದು ದಿನವೂ ತಪ್ಪಿಸಲಾಗದು.

ಇಲ್ಲಿ ಕುಳಿತವರಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿರಬಹುದು: “ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಪುಡಿ ಸಿಗುತ್ತದಂತಲ್ಲ?” ಬೇಡ ತಾಯಿ, ಬೇಡ. ಡೈಸಲ್ಫಿರಾಮ್ ಎಂಬ ಔಷಧಿಯೊಂದುಂಟು. ಕುಡಿತದ ವಿರುದ್ಧ ಅದರ ಬಳಕೆಯನ್ನು 1948ರಲ್ಲಿ ಡೆನ್ಮಾರ್ಕಿನವರು ಲೋಕಕ್ಕೆ ತಿಳಿಸಿದರು. ಅದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ವೈದ್ಯರ ಎಚ್ಚರಿಕೆಯಲ್ಲಿ ತೆಗೆದುಕೊಂಡವನಿಗೆ ಅದು ಬೇಲಿ. ತಿಳಿಯದವನಿಗೆ ಅದು ಗುಂಡಿ. ಮನೋರೋಗವಿದ್ದವನಲ್ಲಿ ಅದು ಭ್ರಮೆಯನ್ನು ಕೆರಳಿಸಲೂಬಹುದು. ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ಬಲ್ಲವರಾರು? ಮೇಲಾಗಿ, ಉಣಿಸುವ ಕೈಯ ಮೇಲಿನ ನಂಬಿಕೆಯೇ ಹೋದ ಮೇಲೆ ಅವನನ್ನು ಯಾವುದರಿಂದ ಹಿಡಿದು ನಿಲ್ಲಿಸುತ್ತೀರಿ?

ಕಟ್ಟಿಹಾಕುವುದೂ ಬೇಡ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ 28 ಮಂದಿ ಮನೋರೋಗಿಗಳು ಸುಟ್ಟು ಸತ್ತರು. ಸರಪಳಿ ಬಿಗಿದಿದ್ದುದರಿಂದ ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಪಳಿಯನ್ನು ಸಂಪೂರ್ಣ ನಿಷೇಧಿಸಿದೆ. ಅದೇ ಕಾಯಿದೆಯು ಮದ್ಯ, ಮಾದಕ ವಸ್ತುಗಳ ಸೇವನೆಗೆ ಸಂಬಂಧಿಸಿದ ಮನಸ್ಸಿನ ತೊಂದರೆಗಳನ್ನೂ ಮನೋರೋಗದ ಲೆಕ್ಕದಲ್ಲೇ ಸೇರಿಸಿದೆ. ಎರಡು ಬಾಗಿಲುಗಳನ್ನು ಕಾಯಿದೆ ಒಂದು ಮಾಡಿದೆ. ನಾವೂ ಮಾಡಬೇಕಾಗಿದೆ.

ನಮ್ಮ ನಾಡಿನಲ್ಲಿ ಕುಡಿತದ ವಿರುದ್ಧ ಕೆಲಸವೇನೋ ಬಹಳ ನಡೆದಿದೆ. 2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನಿಮ್ಮ ಜಿಲ್ಲೆಯ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದ್ದಾರೆ. 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ಸರ್ಕಾರವೇ ನಿಲ್ಲಿಸಿತು. ಇವೆಲ್ಲ ದೊಡ್ಡ ಕಾರ್ಯಗಳು. ಆದರೆ ದೆಹಲಿಯ ಏಮ್ಸ್ ಸಂಸ್ಥೆಯವರು ದೇಶವನ್ನೆಲ್ಲ ಸಮೀಕ್ಷೆ ಮಾಡಿ 2019ರಲ್ಲಿ ಹೇಳಿದ್ದೇನು ಗೊತ್ತೆ? ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವನು 180 ಜನರಲ್ಲಿ ಒಬ್ಬ. ಉಳಿದವರಿಗೆ ಸಿಕ್ಕಿದ್ದು ಬೈಗುಳ, ಆಣೆ, ಇಲ್ಲವೇ ನಮ್ಮಂಥವರ ಉಪದೇಶ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದ. ಹೆಂಡ ಮಾರುವ ಕಾಯಕದವನು. ಶರಣನಾದ ಮೇಲೆ ಕುಡಿಯ ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿದವನು. ಅದೇ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನೂ ಇದ್ದ; ಮೈಯ ರೋಗಗಳನ್ನು ಬಲ್ಲವನು. ಇಬ್ಬರ ವಚನಗಳೂ ನಮಗೆ ದೊರೆತಿವೆ. ನಾವು ಮಾರಯ್ಯನ ಕೆಲಸವನ್ನು ಮಾತ್ರ ಮಾಡಿದೆವು, ಸಂಗಣ್ಣನನ್ನು ಮರೆತೆವು. ತಿಳಿಹೇಳುವವನು ಬೇಕು, ಮದ್ದು ಬಲ್ಲವನೂ ಬೇಕು. ಒಬ್ಬನನ್ನು ಬಿಟ್ಟು ಇನ್ನೊಬ್ಬನಿಂದ ಈ ಕಾರ್ಯ ಆಗುವುದಿಲ್ಲ.

ಆದುದರಿಂದ ಈಗ ಮಠದಲ್ಲಿ ಒಂದು ನಿಯಮ ಮಾಡಿದ್ದೇವೆ. ಕುಡಿತ ಬಿಡುತ್ತೇನೆಂದು ಬಂದವನ ಕೈಯನ್ನು ಹಿಡಿಯುವ ಮೊದಲು ನಾಲ್ಕು ಮಾತು ಕೇಳುತ್ತೇವೆ. ದಿನವೂ ಕುಡಿಯುತ್ತೀಯಾ, ಬೆಳಗ್ಗೆ ಕೈ ನಡುಗುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್, ಸನ್ನಿ ಬಂದಿತ್ತೇ? ಮನಸ್ಸಿಗೆ ಯಾವುದಾದರೂ ಮಾತ್ರೆ, ನಿದ್ರೆಯ ಮಾತ್ರೆ ನುಂಗುತ್ತೀಯಾ? ಸಾಯಬೇಕೆನಿಸುತ್ತದೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಅವನ ಸಂಕಲ್ಪವನ್ನು ಒಪ್ಪಿಕೊಳ್ಳುತ್ತೇವೆ, ಆದರೆ ಅದೇ ದಿನ ಒಬ್ಬರನ್ನು ಜೊತೆಮಾಡಿ ಆಸ್ಪತ್ರೆಗೆ ಕಳಿಸುತ್ತೇವೆ. ಸಂಕಲ್ಪ ಮಠದಲ್ಲಿ ಆಗಲಿ. ಇಳಿಸುವುದು ಆಸ್ಪತ್ರೆಯಲ್ಲಿ ಆಗಲಿ.

ನಿಮಗೆ ದೂರವೇನೂ ಇಲ್ಲ. ಪುತ್ತೂರಿನಲ್ಲಿಯೂ ಸುಳ್ಯದಲ್ಲಿಯೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜಿದೆ, ಮಂಗಳೂರಿನಲ್ಲಿ ವೆನ್ಲಾಕ್ ಇದೆ. ಹಳ್ಳಿಯ ರೋಗಿಯ ಬಳಿಗೇ ಮನೋವೈದ್ಯ ಹೋಗಬೇಕೆಂದು 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪದ್ಧತಿಯೇ ಆಮೇಲೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋವೈದ್ಯರು ಯಾವ ದಿನ ಬರುತ್ತಾರೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿಟ್ಟುಕೊಳ್ಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಫೋನು ಸೇವೆಯಿದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಮಾತನಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಫಿಟ್ಸ್, ಸನ್ನಿ ಕಂಡರೆ ಯಾರನ್ನೂ ಕೇಳುತ್ತ ಕೂಡದೆ 108ಕ್ಕೆ ಕರೆ ಮಾಡಿ. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಮನಸ್ಸು ಬಹಳ ಕುಗ್ಗುತ್ತದೆ. ಆದುದರಿಂದ ತೋಟಕ್ಕೆ ಹೊಡೆಯುವ ವಿಷದೌಷಧಿಗಳನ್ನು ಬೀಗದೊಳಗಿಟ್ಟು ಬೀಗದ ಕೈಯನ್ನು ಬೇರೆಯವರಲ್ಲಿಡಿ. ಇದು ಸಣ್ಣ ಮಾತಲ್ಲ, ಮನೆಗೆ ಹೋದೊಡನೆ ಮಾಡಬೇಕಾದ ಕೆಲಸ.

ಆ ಭಕ್ತನ ಸಂಗತಿಯನ್ನು ಪೂರ್ತಿ ಮಾಡುತ್ತೇವೆ. ಆಸ್ಪತ್ರೆಯಲ್ಲಿ ಅವನ ನಂಜು ಇಳಿಯಿತು. ದನಿಯ ಮಾತ್ರೆಯನ್ನು ಅಲ್ಲಿಯೇ ಮತ್ತೆ ಶುರುಮಾಡಿದರು. ಆರು ತಿಂಗಳಲ್ಲಿ ಒಮ್ಮೆ ಜಾರಿದ. ಆಗ ಅವನ ಮಡದಿ ಬೈಯಲಿಲ್ಲ, ನಮ್ಮ ಬಳಿಗೂ ತರಲಿಲ್ಲ. ನೇರವಾಗಿ ವೈದ್ಯರಲ್ಲಿಗೆ ಕರೆದೊಯ್ದಳು. ಅವಳು ನಮಗಿಂತ ಬೇಗ ಕಲಿತಳು. ಈಗ ಅವನು ಮರ ಹತ್ತುವುದಿಲ್ಲ, ಕೆಳಗೆ ಅಡಿಕೆ ಸುಲಿಯುತ್ತಾನೆ. ದನಿ ಪೂರ್ತಿ ಹೋಗಿಲ್ಲ. ಅದು ದೂರದ ಮನೆಯ ರೇಡಿಯೋದಂತೆ ಆಗಿದೆಯಂತೆ. ನಾವು ಅವನಲ್ಲಿ ತಪ್ಪು ಒಪ್ಪಿಕೊಂಡಾಗ ಅವನು ನಗುತ್ತ ಹೇಳಿದ: “ಮರ ಹತ್ತಿದವನು ಹಾರಿ ಇಳಿಯುವುದಿಲ್ಲ, ಬುದ್ಧೀ. ತಳೆ ಹಾಕಿಕೊಂಡು ಹತ್ತಿದ್ದು, ತಳೆ ಹಾಕಿಕೊಂಡೇ ಇಳಿಯಬೇಕು.”

ಇದಕ್ಕಿಂತ ಹೆಚ್ಚಿನದನ್ನು ನಾವೇನು ಹೇಳೋಣ? ನಿಮ್ಮ ಮನೆಯಲ್ಲಿಯೂ ನೆರೆಯಲ್ಲಿಯೂ ಅಂಥವನೊಬ್ಬನಿದ್ದರೆ ಅವನನ್ನು ಹಾರು ಎನ್ನಬೇಡಿ. ಇಳಿಯುವವರೆಗೆ ಕೆಳಗೆ ನಿಂತಿರಿ. ಅಷ್ಟು ತಾಳ್ಮೆಯನ್ನು ನಿಮಗೂ ನಮಗೂ ಆ ಶಿವನು ದಯಪಾಲಿಸಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.